ಜೋಗನ್ ಎಂದರೆ ಸಾಲದೆ?

ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿ ನಮ್ಮ ವಿಜಾಪುರದ ಹೆಣ್ಣೊಬ್ಬಳಿದ್ದಾಳೆ. 17ನೇ ಶತಮಾನದ ಆರಂಭದ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ ಚಿತ್ರ. ಕೈಯಲ್ಲಿ ಗೊರವಂಕ (ಹಕ್ಕಿಯ ಹೆಸರಲ್ಲೂ ಗೊರವ ಕೇಳಿಸುವುದು ನನ್ನ ಕಿವಿಯ ಚಟ), ಮೈಗೆ ಬೂದಿ, ನೆತ್ತಿಯ ಮೇಲೆ ಜಟೆ. ಆದರೆ ಕೊರಳ ತುಂಬ ಒಡವೆ.

ಇದನ್ನು ಹಾಗೇ ಬಿಡಲು ನಮಗೆ ಮನಸ್ಸಿಲ್ಲ. ರಾಜಕುಮಾರಿ ಎಂದರೆ ಬೂದಿ ಒರೆಸಿದಂತೆ. ಸನ್ಯಾಸಿನಿ ಎಂದರೆ ಒಡವೆ ಬಿಚ್ಚಿಸಿದಂತೆ. ಜೋಗಿನಿ ಎನ್ನೋಣವೆಂದರೆ ತೆಲಂಗಾಣದಲ್ಲಿ ಅದು ದೇವರಿಗೆ ಬಿಟ್ಟ ಹೆಣ್ಣು. ಆ ಹೊರೆಯೂ ಬೇಡ. ಇಲ್ಲಿ ಹೈದರಾಬಾದಿನ ದಖನಿಯಲ್ಲಿ ‘ಜೋಗನ್’ ಇದೆ. ಅದು ವೇಷವನ್ನಷ್ಟೇ ಹೇಳುತ್ತದೆ, ಮನೆತನ ಕೇಳುವುದಿಲ್ಲ. ಅನುವಾದಕ್ಕೆ ಅಷ್ಟು ಸಾಕು.

ಚಿತ್ರ ಬರೆದವನ ಹೆಸರು ತಿಳಿಯದೆ ವಿದ್ವಾಂಸರು ಅವನನ್ನು ‘ಡಬ್ಲಿನ್ ಚಿತ್ರಕಾರ’ ಎಂದು ಕರೆದು ಸುಮ್ಮನಾದರು. ಆ ಸೌಜನ್ಯ ಆಕೆಗೇಕಿಲ್ಲ?