ಕೈಗೆ ಪಾಠ ಹೇಳುವ ಯಂತ್ರ

ಪಾರ್ಶ್ವವಾಯು ಬಡಿದ ಕೈಗೆ ಯಂತ್ರದಿಂದ ವ್ಯಾಯಾಮ ಕೊಡಿಸುವ ಸುದ್ದಿ ಈಚೆಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳು 'ರೋಬೋಟ್ ಚಿಕಿತ್ಸೆ' ಎಂದು ಫಲಕ ಹಾಕಿಕೊಂಡಿವೆ. ಇರುವ ತುಂಡು ಹೊಲವನ್ನು ಅಡವಿಟ್ಟಾದರೂ ಇದನ್ನು ಮಾಡಿಸಬೇಕೇ ಎಂದು ನಮ್ಮ ಬಳಗದವರಲ್ಲಿ ಕೆಲವರು ಕೇಳುತ್ತಿದ್ದಾರೆ. ಆದುದರಿಂದ ನಮಗೆ ತೋರಿದ್ದನ್ನು ಬಿಚ್ಚಿ ಹೇಳುವುದು ಲೇಸು. ಹೊಲ ಅಡವಿಡಬೇಡಿರಿ. ಹಾಗೆಂದು ಯಂತ್ರವನ್ನು ಹಳಿಯಲೂ ಬೇಡಿರಿ.

ಲಕ್ವ ಹೊಡೆದಾಗ ಕೆಡುವುದು ಕೈಯಲ್ಲ, ಮಿದುಳು. ಕೈಯ ಎಲುಬು, ಸ್ನಾಯು ಎಲ್ಲಾ ಇದ್ದಲ್ಲೇ ಇರುತ್ತವೆ. ಅವಕ್ಕೆ ಅಪ್ಪಣೆ ಕೊಡುತ್ತಿದ್ದ ಮಿದುಳಿನ ಭಾಗ ರಕ್ತವಿಲ್ಲದೆಯೋ ರಕ್ತ ಸೋರಿಯೋ ಸತ್ತಿರುತ್ತದೆ. ಉಳಿದ ಭಾಗ ಆ ಕೆಲಸವನ್ನು ಹೊಸದಾಗಿ ಕಲಿಯಬೇಕು. ಕಾಲೆಳೆದುಕೊಂಡಾದರೂ ನಡೆಯಲು ಶುರುಮಾಡಿದವನ ಬೆರಳುಗಳು ಎಷ್ಟೋ ಕಾಲ ಮಡಚಿಕೊಂಡೇ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಮುಷ್ಟಿ ತಾನಾಗಿ ಬಿಗಿಯುತ್ತದೆ, ಬಿಡಿಸುವುದೇ ಕಷ್ಟ. ಎಳೆಯ ಮಗು ಅಕ್ಷರ ತಿದ್ದುವಂತೆ ಅದೇ ಚಲನೆಯನ್ನು ನೂರಾರು ಸಲ ತಿದ್ದಬೇಕು; ಅದೂ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಆದರೆ ಸಿಗುವುದೆಷ್ಟು? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಗೆ ಕೂತ ಒಂದು ಹೊತ್ತಿನಲ್ಲಿ ರೋಗಿಯು ಕೆಲಸಕ್ಕೆ ಬರುವಂಥ ಕೈಚಲನೆಯನ್ನು ಸರಾಸರಿ 32 ಸಲ ಮಾತ್ರ ಮಾಡುತ್ತಿದ್ದುದು ಕಂಡುಬಂತು. ಅದು ಅನುಕೂಲವುಳ್ಳ ದೇಶಗಳ ಮಾತು. ನಮ್ಮ ತಾಲ್ಲೂಕುಗಳಲ್ಲಿ ಆ 32ನ್ನು ಎಣಿಸಲಾದರೂ ಯಾರಿದ್ದಾರೆ?

ಯಂತ್ರ ಬಂದದ್ದು ಈ ಕೊರತೆಯನ್ನು ತುಂಬಲು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ನೆವಿಲ್ ಹೋಗನ್, ಹರ್ಮಾನೋ ಕ್ರೆಬ್ಸ್ ಮೊದಲಾದವರು 1990ರ ದಶಕದಲ್ಲಿ 'ಎಂ.ಐ.ಟಿ.-ಮಾನುಸ್' ಎಂಬುದನ್ನು ರೂಪಿಸಿದರು. ಮಾನುಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೈ. ರೋಗಿ ಹಿಡಿಯನ್ನು ಹಿಡಿದು ಪರದೆಯ ಮೇಲಿನ ಗುರಿಯತ್ತ ಕೈ ಸರಿಸುತ್ತಾನೆ. ಅರ್ಧದಲ್ಲಿ ಸೋತರೆ, ಸೋತಷ್ಟಕ್ಕೆ ಮಾತ್ರ ಯಂತ್ರ ನೆರವಾಗುತ್ತದೆ. ಈ 'ಸೋತಷ್ಟಕ್ಕೆ ಮಾತ್ರ' ಎಂಬುದರಲ್ಲೇ ಗುಟ್ಟೆಲ್ಲ ಇದೆ. ಯಂತ್ರವೇ ಪೂರಾ ಎಳೆದು ಬಿಟ್ಟರೆ ಮಿದುಳು ಏನನ್ನೂ ಕಲಿಯದು. (ನಮ್ಮಲ್ಲಿ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಸುಮ್ಮನೆ ಮಲಗುವವರಿಗೂ ಇದೇ ಮಾತು. ತಿಕ್ಕುವವನ ಕೈಗೆ ಒಳ್ಳೆಯ ವ್ಯಾಯಾಮ.)

ಇದರಿಂದ ಗುಣವೆಷ್ಟು? ಅಮೆರಿಕದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 127 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2010ರಲ್ಲಿ ಹೊರಬಂತು. ಯಂತ್ರದಿಂದ ಕಲಿತವರೂ, ಅಷ್ಟೇ ಶ್ರಮದ ವ್ಯಾಯಾಮವನ್ನು ಮನುಷ್ಯರಿಂದ ಕಲಿತವರೂ ಹೆಚ್ಚುಕಡಮೆ ಸಮನಾಗಿ ಬಂದರು. ಬ್ರಿಟನ್ನಿನಲ್ಲಿ 770 ಮಂದಿಯನ್ನು ಸೇರಿಸಿ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ, 12 ವಾರ. 2019ರಲ್ಲಿ ಬಂದ ಅದರ ವರದಿಯ ಪ್ರಕಾರ, ದಿನನಿತ್ಯದ ಕೆಲಸದಲ್ಲಿ ಕೈ ಉಪಯೋಗಕ್ಕೆ ಬರುವುದನ್ನು ಅಳೆದಾಗ, ವಾಡಿಕೆಯ ಚಿಕಿತ್ಸೆಗಿಂತ ಯಂತ್ರ ಮೇಲಾಗಲಿಲ್ಲ. ಹಾಕಿದ ಹಣಕ್ಕೆ ತಕ್ಕ ಫಲವೂ ಕಾಣಲಿಲ್ಲ.

ಫಲಕ ಹಾಕುವವರು ಈ ವರದಿಯನ್ನು ಫಲಕದ ಕೆಳಗೆ ಬರೆಯುವುದಿಲ್ಲ. ಹೊಲ ಅಡವಿಡಬೇಡಿರಿ ಎಂದು ನಾವು ಹೇಳಿದ್ದು ಇದಕ್ಕಾಗಿಯೇ. ಯಂತ್ರದಲ್ಲಿ ಮಂತ್ರವಿಲ್ಲ. ಬೇಸರಪಡದೆ, ದಣಿಯದೆ ಒಂದೇ ಪಾಠವನ್ನು ಹೇಳಿಕೊಡುವ ಗುಣವೊಂದು ಅದಕ್ಕಿದೆ. ಆ ಗುಣ ಎಲ್ಲಿ ಬೇಕು? ಹತ್ತು ಮಂದಿ ಫಿಸಿಯೋಥೆರಪಿಸ್ಟರು ಇರುವ ನಗರದ ಆಸ್ಪತ್ರೆಯಲ್ಲಲ್ಲ, ಒಬ್ಬರೂ ಇಲ್ಲದ ಊರಿನಲ್ಲಿ.

ಈ ದೃಷ್ಟಿಯಿಂದ ವೇಲೂರಿನಲ್ಲಿ ನಡೆದಿರುವ ಕೆಲಸ ನಮಗೆ ಮೆಚ್ಚಿಕೆಯಾಗಿದೆ. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಕೈಯ ಚಿಂತೆ ಹೊಸತಲ್ಲ. 1946ರಲ್ಲಿ ಅಲ್ಲಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮುರುಟಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಬಿಡಿಸಿ, ಆ ಕೈಗಳಿಗೆ ಬಡಗಿ ಕೆಲಸ ಕಲಿಸಿದರು. 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳಕೊಂಡ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲೇ ಕೂತು ಅಂಥ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಅವರ ಮುಂದಾಳುತನದಲ್ಲಿ 1966ರಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. ಈಗ ಅದೇ ಕಾಲೇಜಿನವರೂ ಮದ್ರಾಸು ಐ.ಐ.ಟಿ.ಯವರೂ ಕೂಡಿ 'ಪ್ಲೂಟೋ' ಎಂಬ ಚಿಕ್ಕ ಯಂತ್ರ ಮಾಡಿದ್ದಾರೆ. ಮೇಜಿನ ಮೇಲಿಡುವಷ್ಟು ಚಿಕ್ಕದು. ಒಂದೇ ಮೋಟಾರು. ಹಿಡಿ ಬದಲಾಯಿಸಿದರೆ ಒಮ್ಮೆ ಮಣಿಕಟ್ಟಿಗೆ, ಒಮ್ಮೆ ಅಂಗೈ ಮಗುಚುವುದಕ್ಕೆ, ಒಮ್ಮೆ ಬೆರಳು ಬಿಚ್ಚಿ ಮುಚ್ಚುವುದಕ್ಕೆ ಒದಗುತ್ತದೆ. ಮನೆಗೆ ಕೊಂಡೊಯ್ಯಬಹುದು ಎಂಬುದೇ ಅದರ ಹೆಚ್ಚುಗಾರಿಕೆ.

ಆದರೆ ನಮ್ಮವರು ಇದ್ದಲ್ಲಿಂದ ವೇಲೂರು ದೂರ. ಹೊಸೂರಿನಿಂದ ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರು ದಾಟಿ ಹೋಗಬೇಕು. ತಾಳವಾಡಿಯವರಿಗೆ ಇನ್ನೂ ದೂರ. ರೋಗಿಯ ಜೊತೆಗೆ ಹೆಂಡತಿಯೋ ಮಗನೋ ಹೋದರೆ ಮನೆಯಲ್ಲಿ ಎರಡು ಕೂಲಿ ನಿಲ್ಲುತ್ತದೆ. ವಾರಕ್ಕೆ ಮೂರು ದಿನ ಹೀಗೆ ಯಾರು ಹೋದಾರು?

ಬತ್ತಿದ ಕೈಯವನನ್ನು ಸಬ್ಬತ್ ದಿನದಲ್ಲಿ ವಾಸಿಮಾಡಿದ ಸಂಗತಿ ನಮಗೆಲ್ಲ ಗೊತ್ತು. ಅವನ ಕಸುಬೇನೆಂದು ಸುವಾರ್ತೆಗಳಲ್ಲಿ ಇಲ್ಲ. ಆದರೆ ನಜರೇನರು ಓದುತ್ತಿದ್ದ ಸುವಾರ್ತೆಯಲ್ಲಿ ಅವನು ಕಲ್ಲುಕಟ್ಟುವ ಗಾರೆಯವನಾಗಿದ್ದನೆಂದೂ, ನಾಚಿಕೆಗೆಟ್ಟು ತಿರಿದುಣ್ಣುವ ಗತಿ ಬಾರದಿರಲೆಂದು ಬೇಡಿಕೊಂಡನೆಂದೂ ಇತ್ತು ಎಂದು ಪುರಾತನ ವ್ಯಾಖ್ಯಾನಕಾರ ಜೆರೋಮ್ ಬರೆದಿದ್ದಾನೆ. ಕೈ ಬಿದ್ದುಹೋದ ಕೂಲಿಗಾರನ ಮೊದಲ ಭಯ ಇಂದಿಗೂ ಅದೇ.

ಕಾರ್ಖಾನೆಯವರಿಗೆ ಇ.ಎಸ್.ಐ. ಇದೆ. ಅದರ ದೀರ್ಘಕಾಲದ ರೋಗಗಳ ಪಟ್ಟಿಯಲ್ಲಿ ಪಾರ್ಶ್ವವಾಯು ಸೇರಿದೆ; ಎರಡು ವರ್ಷ ಸತತ ಕೆಲಸ ಮಾಡಿ ವಂತಿಗೆ ತೆತ್ತವರಿಗೆ ಕೂಲಿಯ ನೂರಕ್ಕೆ 80ರಂತೆ ಹೆಚ್ಚೆಂದರೆ ಎರಡು ವರ್ಷದವರೆಗೂ ಭತ್ಯೆ ಸಿಗಬಹುದು. ಇದನ್ನು ಕೇಳಿ ಪಡೆಯದೆ ರಾಜೀನಾಮೆ ಬರೆದುಕೊಟ್ಟು ಮನೆಗೆ ಹೋಗಬೇಡಿರಿ. ಕಲ್ಲುಕ್ವಾರಿಯವರಿಗೂ ಗುಲಾಬಿ ತೋಟದ ದಿನಗೂಲಿಯವರಿಗೂ ಇಂಥ ಆಸರೆಯಿಲ್ಲ.

ತಮಿಳುನಾಡು ಸರಕಾರ 2021ರ ಆಗಸ್ಟ್ 5ರಂದು, ಮನೆ ಬಾಗಿಲಿಗೆ ವೈದ್ಯವನ್ನು ಒಯ್ಯುವ ಯೋಜನೆಯನ್ನು ಆರಂಭಿಸಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಮನೆಗೆ ಬಂದು ಫಿಸಿಯೋಥೆರಪಿ ಕೊಡುವುದೂ ಅದರಲ್ಲಿ ಸೇರಿತ್ತು. ಅಂಥ ವಾಹನದಲ್ಲಿ ಈ ಚಿಕ್ಕ ಯಂತ್ರ ಬರಲಿ, ಇ.ಎಸ್.ಐ. ಔಷಧಾಲಯಗಳಲ್ಲೂ ಒಂದೊಂದು ಇರಲಿ ಎಂಬುದು ನಮ್ಮ ಬೇಡಿಕೆ. ಯಂತ್ರ ಬಂತೆಂದು ಫಿಸಿಯೋಥೆರಪಿಸ್ಟರ ಹುದ್ದೆ ಕಳೆಯಕೂಡದು; ಕೈ ಎಲ್ಲಿ ಸೋಲುತ್ತಿದೆ, ಭುಜ ಎಲ್ಲಿ ನೋಯುತ್ತಿದೆ ಎಂದು ನೋಡಲು ಮನುಷ್ಯನೇ ಬೇಕು.

ಮುಂದಿನ ಕೂಟಕ್ಕೆ ಬರುವವರು, ತಮ್ಮ ಕಾರ್ಖಾನೆ, ಕ್ವಾರಿ, ತೋಟಗಳಲ್ಲಿ ಲಕ್ವ ಹೊಡೆದು ಮನೆ ಸೇರಿದವರೆಷ್ಟು ಮಂದಿ, ಅವರಿಗೆ ಎಷ್ಟು ದಿನ ವ್ಯಾಯಾಮ ಸಿಕ್ಕಿತು, ಭತ್ಯೆ ಬಂತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತರಬೇಕು. ಮನವಿಗೆ ಅದನ್ನೇ ಲಗತ್ತಿಸುವೆವು.