ಆಟ ಕಲಿಸುವವರು ನಿಲ್ಲಲಿ

ಪಂದ್ಯಗಳ ದಿನ ಗೊತ್ತಾದ ಮೇಲೆ ತಂಡ ಕಟ್ಟುವುದು ನಮ್ಮ ಕಡೆ ವಾಡಿಕೆಯಾಗಿಬಿಟ್ಟಿದೆ. ಯುದ್ಧಕಾಲೇ ಶಸ್ತ್ರಾಭ್ಯಾಸವೆಂದರೆ ಇದೇ. ಸೋತು ಬಂದರೆ ಹುಡುಗಿಯರಲ್ಲಿ ಕಸುವಿಲ್ಲವೆಂಬ ಮಾತು ಸಿದ್ಧವಾಗಿರುತ್ತದೆ. ಕೊರತೆಯಿರುವುದು ಕಸುವಿನಲ್ಲಲ್ಲ, ಕಲಿಸುವವರು ಒಂದೆಡೆ ನಿಲ್ಲದಿರುವುದರಲ್ಲಿ.

ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ 1974ರಲ್ಲಿ ಪ್ಯಾಟ್ ಸಮಿಟ್ ತರಬೇತುದಾರರಾದಾಗ ಅವರಿಗೆ 22 ವರ್ಷ. ಆಟಗಾರ್ತಿಯರ ಉಡುಪು ಒಗೆಯುವುದೂ ವ್ಯಾನು ನಡೆಸುವುದೂ ಅವರ ಪಾಲಿಗೇ ಬಂದಿತ್ತು. ಮೊದಲ ಪಂದ್ಯವನ್ನೇ ಸೋತರು. ಆದರೂ ಅಲ್ಲಿಯೇ ನಿಂತರು. 2012ರಲ್ಲಿ ಆ ಸ್ಥಾನವನ್ನು ಬಿಡುವ ವೇಳೆಗೆ 38 ಋತುಗಳು, 1,098 ಗೆಲವುಗಳು, 8 ರಾಷ್ಟ್ರೀಯ ಪ್ರಶಸ್ತಿಗಳು! ಅವರ ಛಲದ ಬೆನ್ನಿಗೆ ಕಾನೂನೂ ಇತ್ತು: ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಬಾರದೆಂದು 1972ರಲ್ಲಿ ವಿಧಿಸಲಾಗಿತ್ತು.

ಅಮೆರಿಕದ ಐಶ್ವರ್ಯ ನಮಗೆಲ್ಲಿಯದು ಎನ್ನಬಹುದು. ನಾವು ಕೇಳುವುದು ಐಶ್ವರ್ಯವನ್ನಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನೆರೆಹೊರೆಯ ತಾಲ್ಲೂಕುಗಳು. ಮೂರಕ್ಕೂ ಸೇರಿ ಒಬ್ಬ ತರಬೇತುದಾರ್ತಿ ಸಾಕು. ದೂರದ ಜಗಳೂರಿಗೆ ಇನ್ನೊಬ್ಬರು. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣ, ಎರಡು ಬಳೆ, ನಾಲ್ಕಾರು ಚೆಂಡು. ಸಂಜೆಯ ಬಸ್ಸು ತಪ್ಪಿದರೆ ಹಳ್ಳಿ ಸೇರಲಾಗದ ಹುಡುಗಿಗೆ ತರಗತಿಗಳ ನಂತರದ ಅಭ್ಯಾಸದಿಂದ ಫಲವೇನು? ವೇಳಾಪಟ್ಟಿಯೊಳಗೇ ಒಂದು ಗಂಟೆ ಮೀಸಲಾಗಲಿ.

2017ರಲ್ಲಿ ಬೆಂಗಳೂರಿನಲ್ಲಿಯೇ ಭಾರತದ ವನಿತೆಯರು ಏಷ್ಯಾ ಕಪ್ಪಿನ ಬಿ ವಿಭಾಗವನ್ನು ಗೆದ್ದರು. ಅಂಥ ದಿನ ನಮ್ಮ ಊರುಗಳಿಗೆ ಒಮ್ಮೆಗೇ ಬಾರದು. ಮೊದಲ ವರ್ಷ ಸೋತರೆ ಸೋಲಲಿ. ಐದನೆಯ ವರ್ಷವೂ ಕಲಿಸಲು ಅದೇ ಗುರು ಇರಲಿ.