ದುಬಾರಿ ಕೇಬಲ್ ಅಲ್ಲ, ಸರಿಯಾದ ಕೇಬಲ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ನಮ್ಮಲ್ಲಿ ಅನೇಕರ ಮನೆಯಲ್ಲಿ ಟಿವಿ ಇದೆ. ಆದರೆ ಪಾಠದ ವಿಡಿಯೊ ನೋಡುವುದು ಅಂಗೈಯಗಲದ ಮೊಬೈಲ್‌ನಲ್ಲೇ. ರಸಾಯನಶಾಸ್ತ್ರದ ಸಮೀಕರಣ, ಜೀವಶಾಸ್ತ್ರದ ಚಿತ್ರ, ಬ್ಯಾಲೆನ್ಸ್ ಶೀಟಿನ ಅಂಕಿಗಳು ಅದರಲ್ಲಿ ಇರುವೆಯಷ್ಟು ಕಾಣುತ್ತವೆ. ಮೊಬೈಲ್ ಅಥವಾ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದರೆ ಅಕ್ಕ, ತಮ್ಮ ಎಲ್ಲರೂ ಒಟ್ಟಿಗೆ ಕುಳಿತು ಓದಬಹುದು. ಇದಕ್ಕೆ ಬಹಳ ಸಲ ಅಡ್ಡಿಯಾಗುವುದು ಹಣದ ಕೊರತೆಯಲ್ಲ, ತಪ್ಪು ಕೇಬಲ್. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಮನೆಯ ಟಿವಿಯ ಹಿಂಭಾಗ ನೋಡಬೇಕು ಎಂಬುದು ನನ್ನ ವಾದ.

ಅಲ್ಲಿ ಸಾಮಾನ್ಯವಾಗಿ ಕಾಣುವ ಪೋರ್ಟುಗಳು ಮೂರು. ಮೊದಲನೆಯದು ಹಳದಿ, ಕೆಂಪು, ಬಿಳಿ ಬಣ್ಣದ ಎವಿ. ಹಳದಿ ಚಿತ್ರಕ್ಕೆ, ಕೆಂಪು ಬಲಗಡೆಯ ಧ್ವನಿಗೆ, ಬಿಳಿ ಎಡಗಡೆಯ ಧ್ವನಿಗೆ. ಹಳೆಯ ಡಿವಿಡಿ ಪ್ಲೇಯರಿಗೆ ಇದು ಸಾಕು. ಸಣ್ಣ ಅಕ್ಷರ ಓದಲು ಸಾಲದು. ಎರಡನೆಯದು 1987ರಲ್ಲಿ ಐಬಿಎಂ ತಂದ 15 ಪಿನ್ನಿನ ವಿಜಿಎ. ಅದರಲ್ಲಿ ಚಿತ್ರ ಮಾತ್ರ ಹರಿಯುತ್ತದೆ, ಧ್ವನಿಗೆ ಬೇರೆ ವೈರ್ ಬೇಕು. ಮೂರನೆಯದು 2002ರಲ್ಲಿ ಬಂದ ಎಚ್‌ಡಿಎಂಐ. ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್ ಒಯ್ಯುತ್ತದೆ. ಟಿವಿ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಇದು ಇದ್ದರೆ ಬೇರೆ ಯೋಚನೆ ಬೇಡ. ಜೋಡಿಸಿದ ಮೇಲೆ ರಿಮೋಟಿನ ‘ಸೋರ್ಸ್’ ಅಥವಾ ‘ಇನ್‌ಪುಟ್’ ಗುಂಡಿ ಒತ್ತಿ ಅದೇ ಪೋರ್ಟ್ ಆರಿಸಿ. ಕೇಬಲ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಇದನ್ನು ನೋಡುವುದು ಒಳ್ಳೆಯದು.

ಎರಡೂ ಕಡೆ ಪೋರ್ಟ್ ಬೇರೆಯಾಗಿದ್ದರೆ? ವಾಡಿ ಜಂಕ್ಷನ್‌ನಲ್ಲಿ ಗಾಡಿ ಬದಲಿಸುವಂತೆ, ಇಲ್ಲಿಯೂ ನಡುವೆ ಒಂದು ಬದಲಾವಣೆ ಬೇಕು. ವಿಜಿಎ, ಎವಿ ಅನಲಾಗ್, ಎಚ್‌ಡಿಎಂಐ ಡಿಜಿಟಲ್. ಆದ್ದರಿಂದ ತುದಿಯ ಆಕಾರ ಹೊಂದಿದರೆ ಸಾಲದು, ಸಿಗ್ನಲನ್ನೇ ಬದಲಿಸುವ ಕನ್ವರ್ಟರ್ ಬೇಕು. ಅದಕ್ಕೆ ದಿಕ್ಕೂ ಇದೆ. ‘ಎಚ್‌ಡಿಎಂಐ ಟು ಎವಿ’ ಬೇರೆ, ‘ಎವಿ ಟು ಎಚ್‌ಡಿಎಂಐ’ ಬೇರೆ. ಲ್ಯಾಪ್‌ಟಾಪಿನಿಂದ ಹಳೆಯ ಟಿವಿಗೆ ಬೇಕಾದದ್ದು ಮೊದಲನೆಯದು.

ಮೊಬೈಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಟೈಪ್-ಸಿ ಎಂಬುದು ಪೋರ್ಟಿನ ಆಕಾರದ ಹೆಸರು ಮಾತ್ರ. ಅದರಿಂದ ಚಿತ್ರ ಹೊರಬರಬೇಕಾದರೆ ಫೋನಿನಲ್ಲೇ ಆ ಸೌಲಭ್ಯ ಇರಬೇಕು. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಅದಿಲ್ಲ. ಅಂಥ ಫೋನಿಗೆ ‘ಟೈಪ್-ಸಿ ಟು ಎಚ್‌ಡಿಎಂಐ’ ಕೇಬಲ್ ತಂದರೆ ಚಿತ್ರ ಬಾರದು. ಟಿವಿಯಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ, ಉಪನ್ಯಾಸಕರು ಕಳಿಸಿದ ವಿಡಿಯೊವನ್ನು ಪೆನ್ ಡ್ರೈವಿಗೆ ಹಾಕಿ ಅಲ್ಲಿ ಚುಚ್ಚಿ ನೋಡಿ. ಇದಕ್ಕೆ ಕೇಬಲ್ಲೂ ಬೇಡ, ನೆಟ್‌ವರ್ಕೂ ಬೇಡ.

ಇನ್ನು ಬೆಲೆ. ಚಿನ್ನದ ಲೇಪನವಿದೆ, ಬಣ್ಣ ಚೆನ್ನಾಗಿ ಬರುತ್ತದೆ ಎಂಬ ಮಾತನ್ನು ನಂಬಬೇಡಿ. ಲೇಪನ ತುದಿಗೆ ತುಕ್ಕು ಹಿಡಿಯದಂತೆ ತಡೆಯಬಹುದು, ಬಣ್ಣ ಹೆಚ್ಚಿಸದು. ಡಿಜಿಟಲ್ ಸಿಗ್ನಲ್ ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ ಬರುತ್ತದೆ. ತಲುಪದಿದ್ದರೆ ಚುಕ್ಕೆಗಳು ಮಿನುಗುತ್ತವೆ ಅಥವಾ ಪರದೆ ಕಪ್ಪಾಗುತ್ತದೆ. ಪಾಠ ನೋಡಲು ‘ಹೈ ಸ್ಪೀಡ್’ ಎಂದು ಬರೆದ ಸಾಮಾನ್ಯ ಎಚ್‌ಡಿಎಂಐ ಕೇಬಲ್ ಸಾಕು. 48 ಗಿಗಾಬಿಟ್ ವೇಗದ ‘ಅಲ್ಟ್ರಾ ಹೈ ಸ್ಪೀಡ್’ ಕೇಬಲ್ 8ಕೆ ಟಿವಿಯಂಥವಕ್ಕೆ. ಉದ್ದವನ್ನು ದಾರ ಹಿಡಿದು ಅಳೆದು, ಸ್ವಲ್ಪವೇ ಹೆಚ್ಚು ತನ್ನಿ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಕುಂದುತ್ತದೆ.

‘ಟಿವಿ ಹಚ್ಚಿದರೆ ಮಕ್ಕಳು ಸೀರಿಯಲ್ ನೋಡುತ್ತ ಕೂಡುತ್ತಾರೆ’ ಎಂದು ಹಿರಿಯರು ಹೇಳಬಹುದು. ನನಗೆ ಹಾಗೆ ಅನಿಸುವುದಿಲ್ಲ. ಮೊಬೈಲಿನಲ್ಲಿ ನಾವು ಏನು ನೋಡುತ್ತಿದ್ದೇವೆ ಎಂಬುದು ನಮಗೆ ಮಾತ್ರ ಗೊತ್ತು. ಟಿವಿಯಲ್ಲಿ ಏನಿದೆ ಎಂಬುದು ಅಡುಗೆಮನೆಯಿಂದ ಅಮ್ಮಿಗೂ, ಅಂಗಳದಿಂದ ಅಬ್ಬಾಗೂ ಕಾಣುತ್ತದೆ.

ವಜೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಇಸ್ರಾಫ್ ಎಂದರೆ ನೀರು, ಅನ್ನದ ದುಂದು ಮಾತ್ರವಲ್ಲ. ಕಲ್ಲಿನ ಗಣಿಯಲ್ಲೋ ಸಿಮೆಂಟ್ ಕಾರ್ಖಾನೆಯಲ್ಲೋ ದುಡಿದು ತಂದ ಕೂಲಿಯಿಂದ ಕೊಂಡ ಕೇಬಲ್ ಮೂಲೆಯಲ್ಲಿ ಬಿದ್ದಿದ್ದರೆ ಅದೂ ಇಸ್ರಾಫೇ.

ಆದ್ದರಿಂದ ಪ್ರಾಚಾರ್ಯರಲ್ಲಿ ಒಂದು ವಿನಂತಿ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದು ಕೇಬಲ್ ಪೆಟ್ಟಿಗೆ ಇಡಿಸಿ. ಎಚ್‌ಡಿಎಂಐ, ವಿಜಿಎ, ಎವಿ ಕೇಬಲ್‌ಗಳು ಮತ್ತು ಒಂದೆರಡು ಕನ್ವರ್ಟರ್‌ಗಳು ಅದರಲ್ಲಿರಲಿ, ಪ್ರತಿಯೊಂದಕ್ಕೂ ಹೆಸರಿನ ಚೀಟಿ ಇರಲಿ. ಗ್ರಂಥಾಲಯದ ಪುಸ್ತಕದಂತೆ ಗುರುತಿನ ಚೀಟಿ ತೋರಿಸಿ ಎರಡು ದಿನಕ್ಕೆ ಒಯ್ಯಲು ಬಿಡಿ. ಮನೆಯಲ್ಲಿ ಹಚ್ಚಿ ನೋಡಿ, ಹೊಂದಿದರೆ ಮಾತ್ರ ಅಂಥದೇ ಕೊಳ್ಳಲಿ. ಉಪಯೋಗಿಸದೆ ಬಿದ್ದಿರುವ ಕೇಬಲ್ ಇದ್ದರೆ ಗೆಳೆಯ ಗೆಳತಿಯರೇ, ನೀವೂ ಅದನ್ನು ತಂದು ಆ ಪೆಟ್ಟಿಗೆಗೆ ಹಾಕಿ. ನಿಮಗೆ ಬೇಡವಾದದ್ದು ಇನ್ನೊಬ್ಬರ ಪರೀಕ್ಷೆಗೆ ಬೇಕಾಗಬಹುದು.